ಬಾಡಿಗೆದಾರರ ಊರಿನಲ್ಲಿ ಎರಡು ದಿನ

ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ತಾಸಿನ ದಾರಿ. ಆಫೀಸಿನ ಕೆಲಸಕ್ಕೆಂದು ಒಂದು ವಾರ ಮ್ಯೂನಿಕ್‌ನಲ್ಲಿದ್ದೆ. ಮಗಳಿಗೆ ಬೇಸಿಗೆ ರಜೆ ಇದ್ದುದರಿಂದ ಹೆಂಡತಿ, ಮಗಳೂ ಜೊತೆಗಿದ್ದರು. ವಾರದ ಕೊನೆಗೆ ವಿಯೆನ್ನಾದಲ್ಲಿರುವ ಚಿಕ್ಕಮ್ಮನ ಮಗಳ ಮನೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ರೈಲು ಸಾಲ್ಜ್‌ಬರ್ಗ್ ದಾಟುತ್ತಿದ್ದಾಗ ಥಾಣೆಯ ನಮ್ಮ ಮನೆ ಮಾಲೀಕರ ವಾಟ್ಸ್ಆ್ಯಪ್ ಸಂದೇಶ ಬಂತು. ಅಗ್ರಿಮೆಂಟ್ ಅಕ್ಟೋಬರ್‌ಗೆ ಮುಗಿಯುತ್ತದೆ, ಮಗ ವಾಪಸು ಬರುತ್ತಿದ್ದಾನೆ, ಈ ಸಲ ಮುಂದುವರಿಸಲು ಆಗುವುದಿಲ್ಲ, ದಯವಿಟ್ಟು ಬೇರೆ ಮನೆ ನೋಡಿಕೊಳ್ಳಿ.

ಮರ್ಯಾದೆಯ ಮಾತೇ. ಅವರ ಮನೆ, ಅವರ ಮಗ. ದೂರುವಂಥದ್ದೇನೂ ಇಲ್ಲ. ಆದರೆ ಹದಿನಾರು ವರ್ಷಗಳ ಮುಂಬೈ-ಥಾಣೆ ವಾಸದಲ್ಲಿ ಇದು ನಮ್ಮ ಏಳನೇ ಮನೆ. ಮಗಳು ಬರುವ ಜೂನ್‌ಗೆ ಹತ್ತನೇ ತರಗತಿ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಪೆಟ್ಟಿಗೆ ಕಟ್ಟಬೇಕು. ಹೆಂಡತಿಗೆ ಸಂದೇಶ ತೋರಿಸಿದೆ. ಓದಿ ಫೋನ್ ವಾಪಸು ಕೊಟ್ಟು, “ಭಾನುವಾರ ರಾತ್ರಿವರೆಗೆ ಇದರ ಮಾತು ಬೇಡ” ಅಂದಳು. ಮಾತೇನೋ ಆಡಲಿಲ್ಲ. ಆದರೆ ಹೋದಲ್ಲೆಲ್ಲ ನನ್ನ ಕಣ್ಣು ಮನೆಗಳ ಮೇಲೆಯೇ ಇತ್ತು. ವಿಯೆನ್ನಾ ಅದಕ್ಕೆ ತಕ್ಕ ಊರೇ ಆಗಿತ್ತು.

ಮೊದಲು ಮೆಟ್ರೋ, ಆಮೇಲೆ ಮನೆ

ತಂಗಿ ಇರುವುದು ಸೀಷ್ಟಾಟ್ ಎಂಬ ಹೊಸ ಬಡಾವಣೆಯಲ್ಲಿ, ಊರಿನ ಪೂರ್ವದ ಅಂಚಿನಲ್ಲಿ. ಹಿಂದೆ ಅದು ವಿಮಾನ ಇಳಿಯುವ ಬಯಲು. ಈಗ ನಡುವೆ ಒಂದು ಕೆರೆ ತೋಡಿ, ಸುತ್ತ 25 ಸಾವಿರಕ್ಕೂ ಹೆಚ್ಚು ಜನ ವಾಸಿಸುವಂತೆ ಹಂತ ಹಂತವಾಗಿ ಊರು ಕಟ್ಟುತ್ತಿದ್ದಾರೆ. ಯು2 ಮೆಟ್ರೋ ಅಲ್ಲಿಗೆ ತಲುಪಿದ್ದು 2013ರಲ್ಲಿ. ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ಅಂದರೆ ಸುತ್ತ ಬರೀ ಕ್ರೇನು, ಮಣ್ಣಿನ ಗುಡ್ಡೆ ಇರುವಾಗಲೇ ರೈಲು ಓಡುತ್ತಿತ್ತು. ಘೋಡ್‌ಬಂದರ್ ರಸ್ತೆಯಲ್ಲಿ ಮೊದಲು ಮೂವತ್ತು ಅಂತಸ್ತಿನ ಕಟ್ಟಡಗಳು ಎದ್ದು, ಜನ ತುಂಬಿ, ಟ್ರಾಫಿಕ್‌ನಲ್ಲಿ ಅರ್ಧ ಆಯಸ್ಸು ಕಳೆದ ಮೇಲೆ ಮೆಟ್ರೋ ಕಂಬಗಳನ್ನು ಕಂಡ ನಮಗೆ ಈ ಕ್ರಮವೇ ತಲೆಕೆಳಗಾಗಿ ತೋರಿತು.

ತಂಗಿ, ಭಾವ ವಿಯೆನ್ನಾಕ್ಕೆ ಬಂದು ಎಂಟು ವರ್ಷ. ಈಗಿರುವ ಮನೆ ಒಂದು ವಸತಿ ಸಹಕಾರ ಸಂಘದ್ದು. ಸೇರುವಾಗ ಕಟ್ಟಡದ ವೆಚ್ಚದ ಪಾಲೆಂದು ಒಂದು ಮೊತ್ತ ಕಟ್ಟಿದ್ದಾರೆ. ಬಿಡುವಾಗ ವರ್ಷಕ್ಕೆ ಶೇ 1ರಂತೆ ಕಳೆದು ಉಳಿದದ್ದನ್ನು ಹಿಂದಿರುಗಿಸುತ್ತಾರೆ. “ಎಷ್ಟು ವರ್ಷದ ಅಗ್ರಿಮೆಂಟು?” ಎಂದು ಕೇಳಿದೆ. ತಂಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ವರ್ಷ ಅಂತೇನೂ ಇಲ್ಲ ಅಣ್ಣ. ನಾವು ಬೇಕಾದಷ್ಟು ದಿನ” ಅಂದಳು.

ಖಾಸಗಿ ಮಾಲೀಕರ ಮನೆಯಾದರೂ ಅವಧಿ ಹಾಕಿ ಕೊಡುವುದಿದ್ದರೆ ಕನಿಷ್ಠ ಮೂರು ವರ್ಷಕ್ಕೆ ಕೊಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಬಾಡಿಗೆದಾರನೋ, ಮೊದಲ ವರ್ಷ ಕಳೆದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. 2023ರ ಜುಲೈನಿಂದ ಇನ್ನೊಂದು ನಿಯಮ ಬಂದಿದೆ. ಬ್ರೋಕರನ್ನು ಯಾರು ಕರೆಸಿದರೋ ಅವರೇ ಕಮಿಷನ್ ಕೊಡಬೇಕು. ಮಾಲೀಕ ಕರೆಸಿದರೆ ಮಾಲೀಕನೇ. ಏಳು ಮನೆಗೆ ಏಳು ಸಲ ಒಂದೊಂದು ತಿಂಗಳ ಬಾಡಿಗೆಯನ್ನು ಬ್ರೋಕರ್ ಕೈಗಿಟ್ಟ ನಾನು ಈ ಮಾತನ್ನು ಎರಡು ಸಲ ಹೇಳಿಸಿಕೊಂಡೆ.

ಅಲ್ಲೂ ಕಟ್ಟುಪಾಡುಗಳಿವೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಭಾನುವಾರ ಚಟ್ನಿಗೆ ಮಿಕ್ಸಿ ಹಾಕಲೂ ತಂಗಿ ಹಿಂಜರಿಯುತ್ತಾಳೆ. ಶನಿವಾರವೇ ರುಬ್ಬಿ ಫ್ರಿಜ್‌ನಲ್ಲಿಡುತ್ತಾಳೆ. ಆದರೆ ಬೆಳಿಗ್ಗೆ ಎದ್ದಾಗ “ಮುಂದಿನ ವರ್ಷ ಎಲ್ಲಿ?” ಎಂಬ ಪ್ರಶ್ನೆ ಅವಳ ತಲೆಯಲ್ಲಿಲ್ಲ.

ಚಿಕ್ಕಮ್ಮನ ಚಾಳು

ಶನಿವಾರ ಎಲ್ಲ ಪ್ರವಾಸಿಗರಂತೆ ಶೋನ್‌ಬ್ರುನ್ ಅರಮನೆಗೆ ಹೋದೆವು. ಮಗಳನ್ನು ನೋಡಿಕೊಂಡು ಹೋಗಲೆಂದು ಕುಂದಾಪುರದ ಕಡೆಯಿಂದ ಬಂದಿದ್ದ ಚಿಕ್ಕಮ್ಮನೂ ಜೊತೆಗಿದ್ದರು. ಅರಮನೆಯಲ್ಲಿ 1441 ಕೋಣೆಗಳಿವೆಯೆಂದು ಭಾವ ಹೇಳಿದಾಗ ಚಿಕ್ಕಮ್ಮ, “ಒಂದು ಸಂಸಾರಕ್ಕಾ? ವರ್ಲಿಯಲ್ಲಿ ನಮ್ಮದು ಒಂದೇ ಕೋಣೆ, ಒಂಬತ್ತು ಜನ” ಅಂದರು. ಮಗಳು ನಕ್ಕಳು. ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು.

ತಮಾಷೆಯಲ್ಲ. ಚಿಕ್ಕಪ್ಪ ಮುಂಬೈಯ ಗಿರಣಿಯೊಂದರ ಕ್ಯಾಂಟೀನಿನಲ್ಲಿದ್ದರು. ಮದುವೆಯಾಗಿ ಬಂದ ಚಿಕ್ಕಮ್ಮ ವರ್ಲಿಯ ಬಿಡಿಡಿ ಚಾಳಿನಲ್ಲಿ, ಅವರ ಅಣ್ಣನ ಹೆಸರಿನಲ್ಲಿದ್ದ ಕೋಣೆಯಲ್ಲಿ ಏಳು ವರ್ಷ ಸಂಸಾರ ಮಾಡಿದರು. 160 ಚದರಡಿ. ಶೌಚಾಲಯ ಅಂತಸ್ತಿನ ತುದಿಯಲ್ಲಿ, ಎಲ್ಲರಿಗೂ ಸೇರಿ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಕ್ಯಾಂಟೀನೂ ಮುಚ್ಚಿತು. ಇಬ್ಬರೂ ಊರಿಗೆ ಮರಳಿದರು.

ಅದಕ್ಕೇ ಭಾನುವಾರ ಚಿಕ್ಕಮ್ಮನನ್ನು ಯು4 ಮೆಟ್ರೋದ ಕೊನೆಯ ನಿಲ್ದಾಣವಾದ ಹೈಲಿಗೆನ್‌ಷ್ಟಾಟ್‌ಗೆ ಕರೆದುಕೊಂಡು ಹೋದೆವು. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. 1927ರಿಂದ 1930ರ ನಡುವೆ ವಿಯೆನ್ನಾ ನಗರಪಾಲಿಕೆ ಕಾರ್ಮಿಕರಿಗಾಗಿ ಕಟ್ಟಿದ ವಸತಿ ಸಮುಚ್ಚಯ ಅದು. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. 1382 ಮನೆಗಳು. ಕಟ್ಟಿದವರು ನಗರಪಾಲಿಕೆಯ ವಾಸ್ತುಶಿಲ್ಪಿ ಕಾರ್ಲ್ ಎಹ್ನ್. ಜಾಗದ ಐದನೇ ಒಂದು ಪಾಲಿನಷ್ಟರಲ್ಲಿ ಮಾತ್ರ ಕಟ್ಟಡ, ಉಳಿದದ್ದು ಅಂಗಳ, ಮರ, ಹುಲ್ಲು. ಒಳಗೇ ಶಿಶುವಿಹಾರ, ಬಟ್ಟೆ ಒಗೆಯುವ ಕೋಣೆಗಳು, ಸ್ನಾನಗೃಹ, ಗ್ರಂಥಾಲಯ. ಹಳೆಯ ಬಟ್ಟೆ ಒಗೆಯುವ ಕೋಣೆಯೊಂದರಲ್ಲಿ ಈಗ ಪುಟ್ಟ ಮ್ಯೂಸಿಯಂ ಇದೆ. ಉಳಿದಲ್ಲೆಲ್ಲ ಇವತ್ತಿಗೂ ಜನ ಬಾಡಿಗೆಗಿದ್ದಾರೆ. ಬಾಲ್ಕನಿಗಳಲ್ಲಿ ಹೂವಿನ ಕುಂಡ, ಅಂಗಳದಲ್ಲಿ ಸೈಕಲ್ ಓಡಿಸುವ ಮಕ್ಕಳು.

ಚಿಕ್ಕಮ್ಮ ಅಂಗಳದ ಬೆಂಚಿನ ಮೇಲೆ ಕುಳಿತು ತುಂಬಾ ಹೊತ್ತು ನೋಡಿದರು. “ಇದು ಕಟ್ಟಿ ಎಷ್ಟು ವರ್ಷ ಆಯ್ತು ಮಾರಾಯ?” ಹತ್ತಿರ ಹತ್ತಿರ ನೂರು ಎಂದೆ. “ನಮ್ಮ ಚಾಳೂ ಅದೇ ಕಾಲದ್ದು ಅಂತಿದ್ರಲ್ಲ?”

ಹೌದು, ಅದೇ ಕಾಲದ್ದು. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿ ಸುಮಾರು 200 ಚಾಳುಗಳನ್ನು ಕಟ್ಟಿದ್ದು 1920ರ ದಶಕದಲ್ಲೇ. ಎರಡೂ ಕಡೆ ಮೊದಲ ಮಹಾಯುದ್ಧದ ನಂತರದ ವಸತಿ ಸಂಕಟ, ಎರಡೂ ಕಡೆ ಸರ್ಕಾರದ ದುಡ್ಡು, ಎರಡೂ ಕಡೆ ಕಾರ್ಮಿಕರಿಗೆಂದೇ ಕಟ್ಟಿದ ಮನೆ. ವಿಯೆನ್ನಾದ ಆ ಕಾಲದ ಮನೆಗಳೂ ಅರಮನೆಯೇನಲ್ಲ, ಹಲವು 400ರಿಂದ 500 ಚದರಡಿಯವು. ಆದರೆ ಒಳಗೇ ನಲ್ಲಿ, ಒಳಗೇ ಶೌಚಾಲಯ, ಕಿಟಕಿ ತೆರೆದರೆ ಅಂಗಳ. ವರ್ಲಿಯ ಚಾಳಿನ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಬೀಗದ ಕೈ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಒಂದು ಶತಮಾನ.

ಯಾರ ದುಡ್ಡು, ಯಾರ ಮತ

ಈ ಅಂತರಕ್ಕೆ ಕಾರಣ ಯುರೋಪಿನ ಸಿರಿವಂತಿಕೆ ಎಂದುಬಿಡುವುದು ಸುಲಭ. ಆದರೆ 1920ರ ವಿಯೆನ್ನಾ ಸಿರಿವಂತ ಊರಲ್ಲ. ಯುದ್ಧ ಸೋತು ಸಾಮ್ರಾಜ್ಯ ಒಡೆದಿತ್ತು. ಹಸಿವು, ಕ್ಷಯ, ಹಣದುಬ್ಬರ ಎಲ್ಲ ಇತ್ತು. ನಗರಪಾಲಿಕೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ 1923ರಲ್ಲಿ ವಸತಿ ನಿರ್ಮಾಣ ತೆರಿಗೆ ತಂದರು. ಸಣ್ಣ ಮನೆಗೆ ತೀರಾ ಕಡಿಮೆ, ಐಷಾರಾಮಿ ಮನೆಗೆ ಬಹಳ ಹೆಚ್ಚು. ಆ ದುಡ್ಡಿನ ಬಲದಲ್ಲಿ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಇವತ್ತಿಗೂ ನೌಕರರ ಸಂಬಳದಿಂದ ಒಂದು ಸಣ್ಣ ಪಾಲು, ಅಷ್ಟೇ ಪಾಲು ಕಂಪನಿಯಿಂದ, ವಸತಿ ನಿರ್ಮಾಣಕ್ಕೆಂದು ಕಡಿತವಾಗುತ್ತದೆ. ಭಾವ ತಮ್ಮ ಸಂಬಳದ ಚೀಟಿಯಲ್ಲಿ ಅದನ್ನು ತೋರಿಸಿದರು.

ಎರಡನೆಯದು, ಕಟ್ಟಿದ್ದನ್ನು ಅವರು ಮಾರಿಕೊಳ್ಳಲಿಲ್ಲ. ಬ್ರಿಟನ್ 1980ರ ಕಾಯ್ದೆಯಿಂದ ಪಾಲಿಕೆ ಮನೆಗಳನ್ನು ಅದರಲ್ಲಿದ್ದವರಿಗೇ ರಿಯಾಯಿತಿ ದರದಲ್ಲಿ ಮಾರಿತು. ಬರ್ಲಿನ್ 2004ರಲ್ಲಿ 60 ಸಾವಿರಕ್ಕೂ ಹೆಚ್ಚು ಮನೆಗಳಿದ್ದ ತನ್ನ ವಸತಿ ಕಂಪನಿಯನ್ನು ಹೂಡಿಕೆದಾರರಿಗೆ ಕೊಟ್ಟಿತು. ವಿಯೆನ್ನಾ ಸುಮಾರು 2.2 ಲಕ್ಷ ಮನೆಗಳನ್ನು ಈಗಲೂ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಲಾಭಕ್ಕೆ ಮಿತಿ ಹಾಕಿಕೊಂಡ ಸಹಕಾರ ಸಂಘಗಳ ಕೈಯಲ್ಲಿ ಇನ್ನೂ ಸುಮಾರು ಎರಡು ಲಕ್ಷ ಇವೆ. ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲಿದ್ದಾರೆ. ಇಷ್ಟು ಮನೆಗಳು ಹಿಡಿತದ ಬಾಡಿಗೆಗೆ ಸಿಗುವಾಗ ಖಾಸಗಿ ಮಾಲೀಕನೂ ಮನಸ್ಸಿಗೆ ಬಂದಷ್ಟು ಕೇಳಲಾರ. ಅಲ್ಲದೆ ದೊಡ್ಡ ಜಾಗಗಳನ್ನು ಹೊಸದಾಗಿ ವಸತಿಗೆ ಬಿಡುವಾಗ ಮೂರರಲ್ಲಿ ಎರಡು ಪಾಲು ಕೈಗೆಟಕುವ ಮನೆಗಳಿಗೇ ಮೀಸಲೆಂದು 2019ರಿಂದ ನಿಯಮವಿದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. 1919ರಿಂದ ವಿಯೆನ್ನಾದಲ್ಲಿ ವಯಸ್ಸಿಗೆ ಬಂದ ಗಂಡಸರು, ಹೆಂಗಸರು ಎಲ್ಲರಿಗೂ ಪಾಲಿಕೆ ಚುನಾವಣೆಯಲ್ಲಿ ಮತವಿತ್ತು. ಅವರಲ್ಲಿ ಬಹುಪಾಲು ಬಾಡಿಗೆದಾರರು. ಮನೆ ಕಟ್ಟಿಸಿದವರನ್ನು ಆರಿಸಿದ್ದು ಅದರಲ್ಲಿ ಇರಬೇಕಾದವರೇ. ವರ್ಲಿಯ ಚಾಳು ಕಟ್ಟಿಸಿದ್ದು ಬ್ರಿಟಿಷ್ ಸರ್ಕಾರದ ಇಲಾಖೆ. ಆಗ ಮತ ಇದ್ದದ್ದು ಆಸ್ತಿ, ತೆರಿಗೆ ಇದ್ದವರಿಗೆ. ಗಿರಣಿ ಕೆಲಸಗಾರ ಹೇಗಿರಬೇಕೆಂದು ಬೇರೆಯವರು ನಿರ್ಧರಿಸಿದರು. ಅಂತಸ್ತಿನ ತುದಿಯ ಶೌಚಾಲಯ ಆ ನಿರ್ಧಾರದ ಫಲ.

ವಿಯೆನ್ನಾದ ಕೊರತೆಯೂ ಇದೇ ಲೆಕ್ಕಕ್ಕೆ ಸಿಗುತ್ತದೆ. ಊರಿನ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ಆಸ್ಟ್ರಿಯಾದ ಪೌರತ್ವವಿಲ್ಲ, ಹಾಗಾಗಿ ನಗರಸಭೆಗೆ ಮತವಿಲ್ಲ. ಪಾಲಿಕೆಯ ಮನೆಗೆ ಅರ್ಜಿ ಹಾಕಲು ಎರಡು ವರ್ಷ ಅಲ್ಲೇ ವಾಸವಿರಬೇಕು. ನಮ್ಮಂಥ ದೂರದ ದೇಶದವರಿಗೆ ಅದರ ಮೇಲೆ ದೀರ್ಘಾವಧಿ ವಾಸದ ಪರವಾನಗಿಯೂ ಬೇಕು. ಅದು ಸಿಗಲು ಐದು ವರ್ಷ. ಅಲ್ಲಿಯವರೆಗೆ ತಂಗಿ, ಭಾವ ದುಬಾರಿ ಖಾಸಗಿ ಮನೆಯಲ್ಲೇ ಇದ್ದರು. ಮತವಿದ್ದವರಿಗೆ ಮೊದಲು ಮನೆ, ಇಲ್ಲದವರು ಸಾಲಿನ ಹಿಂದೆ. ಇನ್ನೊಂದು ಮಾತೂ ಹೇಳಬೇಕು. ವಿಯೆನ್ನಾದ ಜನಸಂಖ್ಯೆ 1910ರಲ್ಲೇ 20 ಲಕ್ಷ ದಾಟಿತ್ತು. ಆಮೇಲೆ ಕುಸಿದು ಮತ್ತೆ 20 ಲಕ್ಷ ಮುಟ್ಟಿದ್ದು 2023ರಲ್ಲಿ. ನೂರು ವರ್ಷದಲ್ಲಿ ಬೆಳೆಯದ ಊರಿನ ಲೆಕ್ಕವನ್ನು ಮುಂಬೈಗೆ, ಬೆಂಗಳೂರಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ.

ನಮ್ಮ ಹನ್ನೊಂದು ತಿಂಗಳು

ಅಂಟಿಸುವುದು ಬೇಡ, ಕಲಿಯಬಹುದಾದ್ದು ಇದೆಯೇ ನೋಡೋಣ. 2011ರ ಜನಗಣತಿಯ ಪ್ರಕಾರ ನಮ್ಮ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಅದರ ಮರುವರ್ಷ ಕೇಂದ್ರದ ತಜ್ಞರ ಸಮಿತಿ ಹೇಳಿದ ನಗರ ವಸತಿ ಕೊರತೆ ಸುಮಾರು 1.88 ಕೋಟಿ. ಒಂದು ಕಡೆ ಬೀಗ ಹಾಕಿದ ಮನೆ, ಇನ್ನೊಂದು ಕಡೆ ಮನೆಯಿಲ್ಲದ ಜನ. ಮಾಲೀಕನಿಗೆ ಬಾಡಿಗೆದಾರ ಬಿಡುವುದಿಲ್ಲವೆಂಬ ಭಯ, ಬಾಡಿಗೆದಾರನಿಗೆ ಮಾಲೀಕ ಬಿಡಿಸುತ್ತಾನೆಂಬ ಭಯ.

ಈ ಭಯಕ್ಕೆ ಇತಿಹಾಸವಿದೆ. ಬಾಂಬೆಯ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಹಳೆಯ ಮಟ್ಟದಲ್ಲೇ ಹಿಡಿದಿಟ್ಟಿತು. ಬಾಡಿಗೆ ಬರೀ ಹೆಸರಿಗೆ ಎಂಬಂತಾದ ಮೇಲೆ ಮಾಲೀಕರು ಸುಣ್ಣ ಬಣ್ಣ ಬಿಟ್ಟರು, ರಿಪೇರಿ ಬಿಟ್ಟರು. ಮಳೆಗಾಲದಲ್ಲಿ ಹಳೆಯ ಕಟ್ಟಡ ಕುಸಿದ ಸುದ್ದಿ ಓದುವಾಗಲೆಲ್ಲ ಅದರ ನೆನಪಾಗುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದೇ ಲೀವ್ ಅಂಡ್ ಲೈಸೆನ್ಸ್ ಪದ್ಧತಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳಿತು. ದೇಶವೆಲ್ಲ 11 ತಿಂಗಳಿಗೆ ಇಳಿಯಿತು. ಮಹಾರಾಷ್ಟ್ರದಲ್ಲಿ ಈಗ 11 ತಿಂಗಳಿನದ್ದನ್ನೂ ನೋಂದಾಯಿಸಲೇಬೇಕು, ಆದರೂ ಆ ಹನ್ನೊಂದರ ಅಭ್ಯಾಸ ಹೋಗಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಇಲ್ಲ, ವ್ಯಾಜ್ಯಕ್ಕೆ ಪ್ರತ್ಯೇಕ ವ್ಯವಸ್ಥೆ. ಆದರೆ ಅದು ರಾಜ್ಯಗಳು ಒಪ್ಪಿಕೊಂಡರಷ್ಟೇ ಜಾರಿ. ಕೆಲವೇ ರಾಜ್ಯಗಳು ಆ ದಾರಿ ಹಿಡಿದಿವೆ. ಕೊರೋನಾ ಕಾಲದಲ್ಲಿ ವಲಸೆ ಕೆಲಸಗಾರರು ನಡೆದುಕೊಂಡು ಊರು ಸೇರಿದ್ದನ್ನು ಕಂಡ ಮೇಲೆ, 2020ರಲ್ಲಿ ಬಾಡಿಗೆ ವಸತಿ ಯೋಜನೆಯೊಂದು ಬಂತು. ಆದರೂ ನಮ್ಮ ವಸತಿ ನೀತಿಯ ಕಣ್ಣು ಇರುವುದು ಹೆಚ್ಚಾಗಿ ಸ್ವಂತ ಮನೆಯ ಮೇಲೆಯೇ. ಬಾಡಿಗೆದಾರ ಎಂದರೆ ಇನ್ನೂ ಮನೆ ಕೊಳ್ಳದವನು ಎಂದೇ ಲೆಕ್ಕ. ಬಿಡಿಡಿ ಚಾಳಿನ ಕುಟುಂಬಗಳಿಗೆ ಸ್ವಂತ ಮನೆ ಸಿಗುತ್ತಿರುವುದು ನ್ಯಾಯವೇ, ನೂರು ವರ್ಷ ಕಾದವರು ಅವರು. ಆದರೆ ಇವತ್ತು ಕುಂದಾಪುರದಿಂದಲೋ ವಿಜಯಪುರದಿಂದಲೋ ಮುಂಬೈಗೆ ಬಂದಿಳಿಯುವ ಹುಡುಗನಿಗೆ ಸರ್ಕಾರದ ಬಾಡಿಗೆಯ ಆ ಕೋಣೆಯೂ ಇಲ್ಲ.

ಯಾಕೆ ಹೀಗೆ ಎಂದರೆ, ಮತ್ತೆ ಮತದ ಮಾತೇ ಬರುತ್ತದೆ. ಹದಿನಾರು ವರ್ಷ ಇಲ್ಲಿದ್ದರೂ ನನ್ನ ಹೆಸರು ಮತದಾರರ ಪಟ್ಟಿಯಲ್ಲಿರುವುದು ಊರಿನಲ್ಲಿ. ಪಾಲಿಕೆ ಚುನಾವಣೆಯ ದಿನ ನಮಗೆ ರಜೆ ಸಿಗುತ್ತದೆ, ಮತ ಇರುವುದಿಲ್ಲ. ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿರುವ ನನ್ನ ಗೆಳೆಯರಲ್ಲಿ ಬಹುಪಾಲು ಜನರ ಕತೆಯೂ ಇದೇ. ನೀರಿನ ಬಿಲ್ಲು, ವೃತ್ತಿ ತೆರಿಗೆ ಇಲ್ಲಿ, ಮತ ಅಲ್ಲಿ. ನಮ್ಮ ಕಾರ್ಪೊರೇಟರ್ ಬಾಡಿಗೆದಾರರ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ತಂಗಿಗೆ ಮತವಿಲ್ಲದಿರುವುದು ಕಾನೂನಿನಿಂದ. ನಾವು ನಮ್ಮದನ್ನು ನಾವೇ ಬಿಟ್ಟುಕೊಟ್ಟಿದ್ದೇವೆ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ವಾಸಿಸುವ ಜಾಗದಲ್ಲೇ ಹೆಸರಿರಬೇಕು, ಬಾಡಿಗೆ ಮನೆಯೋ ಸ್ವಂತದ್ದೋ ಎಂಬ ಪ್ರಶ್ನೆ ಅಲ್ಲಿಲ್ಲ.

ನಾನೂ ಮಾಲೀಕನೇ

ಭಾನುವಾರ ಸಂಜೆ ವಾಪಸು ರೈಲಿನಲ್ಲಿ ಹೆಂಡತಿ ಮಾತು ತೆಗೆದಳು, ಆದರೆ ನಾನೆಣಿಸಿದ ಮಾತಲ್ಲ. “ನಮ್ಮ ಬೆಂಗಳೂರಿನ ಮನೆಯವರಿಗೆ ನೀವು ಹೋದ ವರ್ಷ ಕಳಿಸಿದ ಮೆಸೇಜೂ ಹೀಗೇ ಇತ್ತು, ನೆನಪಿದೆಯಾ?”

ಇತ್ತು. ಬೆಂಗಳೂರಿನಲ್ಲಿ ನಮ್ಮದೊಂದು ಎರಡು ಕೋಣೆಯ ಫ್ಲಾಟ್ ಇದೆ. ಒಡಿಶಾದ ದಂಪತಿ ಮೂರು ವರ್ಷದಿಂದ ಅಲ್ಲಿದ್ದಾರೆ. ಹತ್ತು ತಿಂಗಳ ಅಡ್ವಾನ್ಸ್, 11 ತಿಂಗಳ ಅಗ್ರಿಮೆಂಟ್. ಬಾಡಿಗೆ ಏರಿಸಲು ಒಪ್ಪದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದು ನಾನೇ ಬರೆದಿದ್ದೆ, ಮರ್ಯಾದೆಯ ಮಾತಿನಲ್ಲೇ. ಅವರ ಮಗು ಅದೇ ವರ್ಷ ಶಾಲೆಗೆ ಸೇರಿತ್ತು. ಥಾಣೆಯಲ್ಲಿ ಹೊರಗಿನವನೆಂದು ಕೊರಗುವ ನಾನು ನನ್ನದೇ ನಾಡಿನಲ್ಲಿ ಹೊರಗಿನಿಂದ ಬಂದವರಿಗೆ ಕೊಟ್ಟದ್ದೂ ಅದೇ ಹನ್ನೊಂದು ತಿಂಗಳು. ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ನನ್ನ ಹಾಗೇ, ಇಲ್ಲಿ ಬಾಡಿಗೆದಾರರು, ಅಲ್ಲಿ ಮಾಲೀಕರು.

ಮರಳಿ ಬಂದ ಮೇಲೆ ಬೆಂಗಳೂರಿನವರಿಗೆ ಫೋನ್ ಮಾಡಿ ಮೂರು ವರ್ಷಕ್ಕೆ ನೋಂದಾಯಿತ ಕರಾರು ಮಾಡೋಣವೇ ಎಂದು ಕೇಳಿದೆ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆಂಬುದನ್ನು ಈಗಲೇ ಬರೆದಿಡುವುದು, ಬಿಡುವುದಿದ್ದರೆ ಅವರು ಮೂರು ತಿಂಗಳ ನೋಟಿಸ್ ಕೊಡುವುದು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಏನಾದರೂ ತೊಂದರೆಯಾ ಸಾರ್?” ಅಂದರು. ಒಳ್ಳೆಯ ಸುದ್ದಿಯಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಬೇಕೆಂದಿದ್ದೆ. ಆದರೆ ಥಾಣೆಯ ಹೊಸ ಮನೆಯ ಡಿಪಾಸಿಟ್‌ಗೆ, ಬ್ರೋಕರ್‌ಗೆ ನನಗೂ ದುಡ್ಡು ಬೇಕು. ಹಾಗಾಗಿ ಸದ್ಯ ಐದು ತಿಂಗಳಿನದ್ದು ಹಿಂದಿರುಗಿಸಿದೆ. ನನ್ನ ಒಳ್ಳೆಯತನಕ್ಕೂ ಅಷ್ಟೇ ಬಲ. ಒಬ್ಬೊಬ್ಬ ಮಾಲೀಕನ ಮನಸ್ಸಿನಿಂದ ಊರು ನಡೆಯದು, ಕಾನೂನು ಬೇಕು ಎನ್ನುವುದಕ್ಕೆ ಈ ಐದು ತಿಂಗಳೇ ಸಾಕ್ಷಿ.

ಇನ್ನೊಂದು ಕೆಲಸವನ್ನೂ ಮಾಡಿದೆ. ಮತದಾರರ ಪಟ್ಟಿಯಲ್ಲಿ ಹೆಸರನ್ನು ಥಾಣೆಗೆ ವರ್ಗಾಯಿಸಲು ನಮೂನೆ 8 ತುಂಬಿ ಕಳಿಸಿದೆ. ಊರಿನಲ್ಲಿರುವ ಅಮ್ಮನಿಗೆ ಹೇಳಿದಾಗ, “ಹಾಗಾದರೆ ಓಟಿನ ನೆಪದಲ್ಲಿ ಬರುವುದೂ ಇಲ್ಲವಾ ಇನ್ನು?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದೀಪಾವಳಿಗೆ ಬರುತ್ತೇನೆ ಎಂದೆ. ಅರ್ಜಿಯಲ್ಲಿ ಕೊಟ್ಟಿರುವುದು ಈಗಿನ ಮನೆಯ ವಿಳಾಸ. ಅಕ್ಟೋಬರ್‌ಗೆ ಇದನ್ನು ಬಿಟ್ಟ ಮೇಲೆ ಮತ್ತೊಮ್ಮೆ ಅದೇ ನಮೂನೆ ತುಂಬಬೇಕು. ತುಂಬುತ್ತೇನೆ.